ಬಂದರಿನಲ್ಲಿ ಇಳಿದ ಬೀಜದ ಕುದುರೆಗಳು

ಕುದುರೆ ಸಾಕುವವರ ಮುಂದಿರುವ ಪ್ರಶ್ನೆಗಳಲ್ಲಿ ಅತ್ಯಂತ ದುಬಾರಿಯಾದದ್ದು ಯಾವ ಹೆಣ್ಣಿಗೆ ಯಾವ ಗಂಡನ್ನು ಕೂಡಿಸಬೇಕೆಂಬುದು. ಗಬ್ಬ ನಿಂತ ಮೇಲೆ ಮರಿ ನೆಲಕ್ಕೆ ಬೀಳಲು ಹನ್ನೊಂದು ತಿಂಗಳು ಬೇಕು, ಆ ಮರಿ ಓಟದ ಕಣಕ್ಕೆ ಇಳಿಯುವಷ್ಟು ಬೆಳೆಯಲು ಮತ್ತೆ ಎರಡು ಮೂರು ವರ್ಷ ಬೇಕು; ಆದ್ದರಿಂದ ಇಂದು ಮಾಡಿದ ಆಯ್ಕೆ ಸರಿಯೋ ತಪ್ಪೋ ಎಂಬುದು ತಿಳಿಯುವ ಹೊತ್ತಿಗೆ ಅದೇ ಆಯ್ಕೆಯನ್ನು ಇನ್ನೂ ಮೂರು ಬಾರಿ ಮಾಡಿ ಆಗಿರುತ್ತದೆ. ಹಗುರವಾದ ಎರಡು ಗಾಲಿಯ ಗಾಡಿಗೆ ಕುದುರೆಯನ್ನು ಕಟ್ಟಿ ಓಡಿಸುವ ಪಂದ್ಯಗಳಿಗೆ, ಅಂದರೆ ಗಾಡಿಯೋಟಕ್ಕೆ, ತಳಿ ಬೆಳೆಸುವ ಅಮೆರಿಕ, ಫ್ರಾನ್ಸ್, ಸ್ವೀಡನ್ ಮುಂತಾದ ದೇಶಗಳಲ್ಲಿ ಈ ಪ್ರಶ್ನೆಯ ಸುತ್ತ ದೊಡ್ಡ ಉದ್ಯಮವೇ ಬೆಳೆದಿದೆ. ಇದೇ ಪ್ರಶ್ನೆ ಅರಬ್ಬೀ ಸಮುದ್ರದ ಈ ದಡದಲ್ಲಿ, ಮಂಗಳೂರಿನ ಬಂದರ್‌ನಂಥ ರೇವುಗಳಲ್ಲಿ, ಶತಮಾನಗಳ ಕಾಲ ಬೇರೊಂದು ರೂಪದಲ್ಲಿ ಎದ್ದು ಉತ್ತರ ಸಿಗದೆ ಉಳಿದಿತ್ತು, ಮತ್ತು ಆ ವಿಫಲತೆಯಲ್ಲಿ ಇಂದಿನ ತಳಿಗಾರರೂ ಕಲಿಯಬೇಕಾದ ಪಾಠವಿದೆ.

ಗುರುಪುರ ಮತ್ತು ನೇತ್ರಾವತಿ ನದಿಗಳು ಕೂಡಿ ಕಡಲು ಸೇರುವ ಅಳಿವೆಯ ಒಳಗೆ ಬಂದರ್ ಇದೆ. ದೊಡ್ಡ ಹಡಗುಗಳ ವ್ಯವಹಾರ 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರಿಗೆ ಸರಿದ ಮೇಲೆ ಇಲ್ಲಿ ಉಳಿದಿರುವುದು ಮೀನುಗಾರಿಕೆಯ ದಕ್ಕೆ, ಲಕ್ಷದ್ವೀಪಕ್ಕೆ ಸರಕು ಸಾಗಿಸುವ ನೌಕೆಗಳು ಮತ್ತು ಸಗಟು ವ್ಯಾಪಾರದ ಇಕ್ಕಟ್ಟಾದ ಬೀದಿಗಳು. ಆದರೆ ಹದಿನಾಲ್ಕನೆಯ ಶತಮಾನದ ನಡುವೆ ಈ ಕರಾವಳಿಯನ್ನು ಕಂಡ ಇಬ್ನ್ ಬತೂತಾ, ಪಾರಸ ಮತ್ತು ಯಮನ್ ದೇಶಗಳ ವರ್ತಕರಲ್ಲಿ ಹೆಚ್ಚಿನವರು ಬಂದಿಳಿಯುವ ಊರೆಂದು ಮಂಗಳೂರನ್ನು ಗುರುತಿಸಿದ್ದಾನೆ, ಇಲ್ಲಿ ಮೆಣಸು ಮತ್ತು ಶುಂಠಿ ಹೇರಳವಾಗಿದ್ದುದನ್ನೂ ಹೇಳಿದ್ದಾನೆ. 1443ರಲ್ಲಿ ಹೆರಾತಿನ ಶಾರುಖ್ ದೊರೆಯ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಕಡಲ ಹಾದಿಯಲ್ಲಿ ಬಂದು ಮಂಗಳೂರಿನಲ್ಲಿ ಇಳಿದು, ಅಲ್ಲಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ಕಲ್ಲಿಕೋಟೆಯ ಸಾಮೂದಿರಿಗೆ ಅವನು ತಂದಿದ್ದ ಕಾಣಿಕೆಗಳಲ್ಲಿ ಕುದುರೆಗಳೂ ಇದ್ದವು ಎಂಬುದು, ಆ ಕಾಲದಲ್ಲಿ ಪಶ್ಚಿಮದಿಂದ ಬರುವವರು ಈ ನಾಡಿನ ಅರಸರಿಗೆ ಏನು ಪ್ರಿಯವೆಂದು ಬಲ್ಲವರಾಗಿದ್ದರು ಎನ್ನುವುದನ್ನು ತೋರಿಸುತ್ತದೆ.

ಕುದುರೆಯ ಪೇಟೆಯಾಗಿ ಭಟ್ಕಳ ಮತ್ತು ಹೊನ್ನಾವರಗಳ ಹೆಸರು ಮಂಗಳೂರಿಗಿಂತ ದೊಡ್ಡದು, 1510ರ ನಂತರ ಪೋರ್ಚುಗೀಸರ ಗೋವೆ ಅವೆಲ್ಲವನ್ನೂ ಮೀರಿಸಿತು. ಆದರೆ ಕರಾವಳಿಯ ಈ ರೇವುಗಳೆಲ್ಲ ಒಂದೇ ವ್ಯಾಪಾರದ ಕೊಂಡಿಗಳಾಗಿದ್ದವು. ಹೊರ್ಮುಜ್‌ನ ಹಡಗುಗಳ ವಿಷಯದಲ್ಲಿ ಮಾರ್ಕೊ ಪೋಲೊ ಬರೆದಿರುವಂತೆ, ನಾರಿನ ಹುರಿಯಿಂದ ಹೊಲಿದ ಆ ಹಾಯಿಹಡಗುಗಳಲ್ಲಿ ಸರಕನ್ನು ತುಂಬಿ, ಅದರ ಮೇಲೆ ತೊಗಲು ಹೊದಿಸಿ, ತೊಗಲಿನ ಮೇಲೆ ಕುದುರೆಗಳನ್ನು ನಿಲ್ಲಿಸಿ ತರುತ್ತಿದ್ದರು. ದಾರಿಯಲ್ಲಿ ಸತ್ತವು ಎಷ್ಟೋ. ಪೋರ್ಚುಗೀಸ್ ವರ್ತಕ ನುನಿಜ್ ದಾಖಲಿಸಿದ ಪ್ರಕಾರ ಸಾಳುವ ನರಸಿಂಹನು ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿ ಬಂದ ಕುದುರೆಗೆ ಕೊಡುವಷ್ಟೇ ಹಣ ಕೊಡಿಸುತ್ತಿದ್ದನು. ವರ್ತಕರು ಹೆದರಿ ಹಿಂದೆ ಸರಿಯಬಾರದು ಎಂಬ ಲೆಕ್ಕಾಚಾರ ಅದರ ಹಿಂದಿದ್ದಿರಬೇಕು. ಅದೇ ಲೇಖಕನು ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ, ಅವುಗಳಲ್ಲಿ ಉತ್ತಮವಾದವನ್ನು ತನ್ನ ಲಾಯಕ್ಕೆ ಆರಿಸಿಕೊಂಡು ಉಳಿದುದನ್ನು ದಂಡನಾಯಕರಿಗೆ ಕೊಡುತ್ತಿದ್ದನೆಂದೂ ಹೇಳುತ್ತಾನೆ. ಈ ಅಂಕಿಯಲ್ಲಿ ಉತ್ಪ್ರೇಕ್ಷೆ ಇರಬಹುದಾದರೂ, ಪ್ರತಿವರ್ಷವೂ ಕೊಳ್ಳಬೇಕಾಗುತ್ತಿತ್ತು ಎಂಬ ಸಂಗತಿಯೇ ಇಲ್ಲಿ ಮುಖ್ಯವಾದದ್ದು: ಅಷ್ಟು ಒಳ್ಳೆಯ ಗಂಡುಗುದುರೆಗಳು ತಲೆಮಾರುಗಳ ಕಾಲ ಬಂದಿಳಿದ ಮೇಲೂ, ಅವುಗಳ ಸಂತತಿಯಿಂದ ನಾಡಿನ ಅಗತ್ಯ ತೀರಲಿಲ್ಲ.

ತೀರದಿರಲು ಕಾರಣಗಳನ್ನು ಹುಡುಕಿದರೆ ಮೊದಲು ಎದುರಾಗುವುದು ಅರಬರ ಕುದುರೆ ಸಾಕಣೆಯ ಪದ್ಧತಿ. ಮರುಭೂಮಿಯ ಬದಾವಿಗಳು ದಾಳಿಗೆ ಹೋಗುವಾಗ ಹೆಣ್ಣುಗುದುರೆಯನ್ನೇ ಏರುತ್ತಿದ್ದರು, ಹೆಣ್ಣುಗಳನ್ನು ಬುಡಕಟ್ಟಿನ ಆಸ್ತಿಯೆಂಬಂತೆ ಕಾಪಾಡುತ್ತಿದ್ದರು, ಗಂಡುಮರಿಗಳಲ್ಲಿ ತಳಿಗೆ ಬೇಕಾದ ಕೆಲವನ್ನು ಉಳಿಸಿಕೊಂಡು ಮಿಕ್ಕವನ್ನು ಮಾರುತ್ತಿದ್ದರು. ಕುಹೈಲಾನ್, ಸಕ್ಲಾವಿ ಮೊದಲಾದ ಅರಬ್ಬೀ ಕುದುರೆಯ ಮನೆತನಗಳನ್ನು ಅವರು ಎಣಿಸಿದ್ದು ತಾಯಿಯ ಕಡೆಯಿಂದ. ಮರಿಯ ತಂದೆ ಎಷ್ಟೇ ಹೆಸರುವಾಸಿಯಾದರೂ ಅದು ಸೇರುವುದು ತಾಯಿಯ ಮನೆತನಕ್ಕೆ. ಅಳಿಯಸಂತಾನದ ತುಳುನಾಡಿನಲ್ಲಿ ಮನುಷ್ಯರ ಬಳಿಯನ್ನು ತಾಯಿಯಿಂದ ಎಣಿಸುವ ಕ್ರಮದಂತೆಯೇ ಇದೂ ಇತ್ತು, ಆದ್ದರಿಂದ ಬಂದರ್‌ನ ವರ್ತಕನಿಗೆ ಆ ಲೆಕ್ಕ ಕೇಳಿದೊಡನೆ ಅರ್ಥವಾಗುವಂಥದೇ ಆಗಿತ್ತು. ಆದರೂ ಹಡಗಿನಿಂದ ಇಳಿದ ಕುದುರೆಗಳಲ್ಲಿ ಬಹುಪಾಲು ಗಂಡುಗಳೇ. ಇಲ್ಲಿಗೆ ಬಂದದ್ದು ತಳಿಯ ಅರ್ಧಭಾಗ ಮಾತ್ರ, ಇನ್ನರ್ಧ ಅರಬರ ಗುಡಾರಗಳ ಬಳಿಯೇ ಉಳಿಯಿತು.

ಒಂದೇ ಒಂದು ಅರಬ್ಬೀ ಗಂಡು ಏನು ಮಾಡಬಲ್ಲದು ಎಂಬುದಕ್ಕೆ ರಷ್ಯಾದ ನಿದರ್ಶನವಿದೆ. 1770ರ ದಶಕದಲ್ಲಿ ಕೌಂಟ್ ಅಲೆಕ್ಸಿ ಒರ್ಲೊವ್ 60,000 ರೂಬಲ್ ಕೊಟ್ಟು ತುರ್ಕರಿಂದ ಸ್ಮೆಟಾಂಕಾ ಎಂಬ ಬೆಳ್ಳಿಬಣ್ಣದ ಅರಬ್ಬೀ ಗಂಡುಗುದುರೆಯನ್ನು ತರಿಸಿದ. ಆ ಕುದುರೆ ರಷ್ಯಾದಲ್ಲಿ ಒಂದು ಋತು ಮಾತ್ರ ತಳಿಗೆ ಬಳಕೆಯಾಗಿ, ಬೆರಳೆಣಿಕೆಯ ಮರಿಗಳನ್ನು ಬಿಟ್ಟು ಸತ್ತಿತು. ಆದರೆ ಒರ್ಲೊವನ ಬಳಿ ಯುರೋಪಿನ ಬೇರೆ ಬೇರೆ ತಳಿಗಳ ಹೆಣ್ಣುಗಳ ದೊಡ್ಡ ಹಿಂಡಿತ್ತು. ಡೆನ್ಮಾರ್ಕಿನ ಹೆಣ್ಣೊಂದರಲ್ಲಿ ಸ್ಮೆಟಾಂಕಾಗೆ ಹುಟ್ಟಿದ ಪೋಲ್ಕಾನ್ ಎಂಬ ಗಂಡನ್ನು, ಕಾಲು ಎತ್ತಿ ಹಾಕಿ ಓಡುವ ಸ್ವಭಾವದ ಡಚ್ ಹೆಣ್ಣಿಗೆ ಕೂಡಿಸಿದಾಗ 1784ರಲ್ಲಿ ಬಾರ್ಸ್ ಎಂಬ ಮರಿ ಹುಟ್ಟಿತು; ಗಾಡಿ ಎಳೆದು ಓಡುವುದರಲ್ಲಿ ಜಗತ್ಪ್ರಸಿದ್ಧವಾದ ಒರ್ಲೊವ್ ಟ್ರಾಟರ್ ತಳಿಯ ಮೂಲಪುರುಷ ಅದೇ. ಸಾವಿರಗಟ್ಟಲೆ ಗಂಡುಗಳು ಬಂದಿಳಿದ ಕರಾವಳಿಯಲ್ಲಿ ಒಂದು ತಳಿಯೂ ನಿಲ್ಲಲಿಲ್ಲ, ಒಂದೇ ಗಂಡು ಒಂದೇ ಋತು ಬಾಳಿದ ರಷ್ಯಾದಲ್ಲಿ ತಳಿ ನಿಂತಿತು. ಈ ವ್ಯತ್ಯಾಸವನ್ನು ಗಂಡಿನ ಗುಣದಿಂದ ವಿವರಿಸಲು ಸಾಧ್ಯವಿಲ್ಲ, ಏಕೆಂದರೆ ಎರಡೂ ಕಡೆ ಗಂಡುಗಳು ಬಂದದ್ದು ಒಂದೇ ಅರಬ್ಬೀ ರಕ್ತದಿಂದ.

ಅಮೆರಿಕದ ಸ್ಟ್ಯಾಂಡರ್ಡ್‌ಬ್ರೆಡ್ ತಳಿಯ ಕಥೆಯೂ ಹೀಗೆಯೇ ಓದಿಸಿಕೊಳ್ಳುತ್ತದೆ. ಇಂದು ಗಾಡಿಯೋಟದ ಕಣಗಳಲ್ಲಿ ಅತಿ ಹೆಚ್ಚು ಕಾಣುವ ಈ ತಳಿಗೆ ಆ ಹೆಸರು ಬಂದದ್ದು 1879ರಲ್ಲಿ, ಒಂದು ಮೈಲಿ ದೂರವನ್ನು ಇಷ್ಟು ಸಮಯದೊಳಗೆ ಕ್ರಮಿಸಬೇಕು ಎಂಬ ಮಾನದಂಡವನ್ನು ನೋಂದಣಿಗೆ ಗೊತ್ತುಪಡಿಸಿದಾಗ. ಟ್ರಾಟ್ ಓಟಕ್ಕೆ ಆ ಅವಧಿ ಎರಡೂವರೆ ನಿಮಿಷವಾಗಿತ್ತು. ಇಲ್ಲಿ ಓಟದ ಬಗೆಗಳ ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ಬೆಂಗಳೂರು, ಮೈಸೂರುಗಳ ರೇಸ್‌ಕೋರ್ಸ್‌ಗಳಲ್ಲಿ ಸವಾರನನ್ನು ಹೊತ್ತ ಥರೋಬ್ರೆಡ್ ಕುದುರೆಗಳು ಓಡುವುದು ನಾಗಾಲೋಟದಲ್ಲಿ. ಗಾಡಿಯೋಟದಲ್ಲಿ ನಾಗಾಲೋಟ ನಿಷಿದ್ಧ, ಕುದುರೆ ಅದಕ್ಕೆ ಜಾರಿದರೆ ಸಾರಥಿ ಲಗಾಮು ಎಳೆದು ಅದನ್ನು ಸರಿಯಾದ ಹೆಜ್ಜೆಗೆ ತರಲೇಬೇಕು. ಟ್ರಾಟ್ ಎಂದರೆ ಬಲ ಮುಂಗಾಲು ಎಡ ಹಿಂಗಾಲಿನೊಡನೆ, ಎಡ ಮುಂಗಾಲು ಬಲ ಹಿಂಗಾಲಿನೊಡನೆ ಕರ್ಣರೇಖೆಯ ಜೋಡಿಯಾಗಿ ಏಳುವ ಓಟ. ಪೇಸ್ ಎಂದರೆ ಒಂದೇ ಪಕ್ಕದ ಎರಡು ಕಾಲುಗಳು ಒಟ್ಟಿಗೆ ಏಳುವ ಓಟ, ಸೌರಾಷ್ಟ್ರ ಮತ್ತು ಮಾರವಾಡದ ಕುದುರೆಗಳ ರೇವಾಲ್ ನಡೆ ಇದಕ್ಕೆ ಹತ್ತಿರದ್ದು. ಸ್ಟ್ಯಾಂಡರ್ಡ್‌ಬ್ರೆಡ್ ತಳಿಯ ವಂಶಾವಳಿ ಹಿಂದೆ ಹೋಗುವುದು 1788ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದ ಮೆಸೆಂಜರ್ ಎಂಬ ಬೂದುಬಣ್ಣದ ಥರೋಬ್ರೆಡ್ ಗಂಡಿಗೆ, ಮೆಸೆಂಜರ್‌ನ ಗಂಡುಸಾಲು ಹೋಗುವುದು 1704ರಲ್ಲಿ ಅಲೆಪ್ಪೊದಿಂದ ಕೊಂಡೊಯ್ದ ಡಾರ್ಲಿ ಅರೇಬಿಯನ್ ಎಂಬ ಕುದುರೆಗೆ. ಆದರೆ ತಳಿಯನ್ನು ಕಟ್ಟಿದ ಗಂಡು ಮೆಸೆಂಜರ್‌ನ ಮರಿಮಗನಾದ ಹ್ಯಾಂಬಲ್ಟೋನಿಯನ್. 1849ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಈ ಮರಿಯನ್ನು ಅದರ ಕುಂಟು ತಾಯಿಯೊಡನೆ ವಿಲಿಯಂ ರೈಸ್‌ಡಿಕ್ ಎಂಬ ತೋಟದಾಳು 125 ಡಾಲರಿಗೆ ಕೊಂಡ. ಹ್ಯಾಂಬಲ್ಟೋನಿಯನ್ ಕಣದಲ್ಲಿ ಗೆದ್ದು ಹೆಸರಾದ ಕುದುರೆಯಲ್ಲ, ಆದರೆ ಅದಕ್ಕೆ 1,331 ಮರಿಗಳು ಹುಟ್ಟಿದವು, ಮತ್ತು ಇಂದಿನ ಹೆಚ್ಚುಕಡಿಮೆ ಎಲ್ಲ ಸ್ಟ್ಯಾಂಡರ್ಡ್‌ಬ್ರೆಡ್‌ಗಳ ಗಂಡುಸಾಲು ಅದರ ನಾಲ್ಕು ಗಂಡುಮಕ್ಕಳಿಗೆ ಹೋಗಿ ಮುಟ್ಟುತ್ತದೆ. ಈ ಕಥೆಯಲ್ಲಿ ಸಾಮಾನ್ಯವಾಗಿ ಮರೆಗೆ ಸರಿಯುವುದು ಆ ಕುಂಟು ತಾಯಿ. ಅವಳ ತಂದೆ ಬೆಲ್‌ಫೌಂಡರ್ ಇಂಗ್ಲೆಂಡಿನ ನಾರ್ಫೋಕ್ ಟ್ರಾಟರ್ ತಳಿಯದು, ಅಂದರೆ ಟ್ರಾಟ್ ಓಟಕ್ಕೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ ರಕ್ತ; ಅವಳ ತಾಯಿಯ ಕಡೆಯಿಂದ ಮೆಸೆಂಜರ್‌ನ ರಕ್ತ ಮತ್ತೊಮ್ಮೆ ಬಂದು ಸೇರಿತ್ತು. ರೈಸ್‌ಡಿಕ್ ಕೊಂಡದ್ದು ಮರಿಯನ್ನಷ್ಟೇ ಅಲ್ಲ, ಅದನ್ನು ಅರ್ಥಮಾಡಿಕೊಳ್ಳಲು ಬೇಕಾದ ತಾಯಿಯನ್ನೂ ಕೂಡ ಎಂಬುದನ್ನು ಗಮನಿಸಬೇಕು.

ಓಟದ ಬಗೆ ಹೇಗೆ ಮರಿಗೆ ಇಳಿಯುತ್ತದೆ ಎಂಬುದನ್ನು ತಳಿಗಾರರು ಎರಡು ಶತಮಾನ ಕೇವಲ ಕಣ್ಣಳತೆಯಿಂದ ಊಹಿಸಿದ್ದರು. 2012ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲೀಫ್ ಆಂಡರ್ಸನ್ ಮತ್ತು ಸಂಗಡಿಗರು, ಕುದುರೆಯ 23ನೆಯ ವರ್ಣತಂತುವಿನಲ್ಲಿರುವ ಡಿಎಂಆರ್‌ಟಿ3 ಎಂಬ ಜೀನ್‌ನಲ್ಲಿ ಆಗಿರುವ ಒಂದೇ ಅಕ್ಷರದ ಮಾರ್ಪಾಟು ಇದಕ್ಕೆ ಬಹುಮಟ್ಟಿಗೆ ಕಾರಣವೆಂದು ತೋರಿಸಿದರು. ಬೆನ್ನುಹುರಿಯ ನರಕೋಶಗಳು ನಾಲ್ಕು ಕಾಲುಗಳ ಲಯವನ್ನು ಹೊಂದಿಸುವ ಕೆಲಸದಲ್ಲಿ ಈ ಜೀನ್‌ಗೆ ಪಾತ್ರವಿದೆ. ಮಾರ್ಪಾಟಾದ ರೂಪವನ್ನು ತಂದೆಯಿಂದಲೂ ತಾಯಿಯಿಂದಲೂ ಪಡೆದ ಕುದುರೆ ವೇಗ ಹೆಚ್ಚಿದಾಗಲೂ ನಾಗಾಲೋಟಕ್ಕೆ ಜಾರದೆ ಟ್ರಾಟ್ ಅಥವಾ ಪೇಸ್‌ನಲ್ಲಿಯೇ ಉಳಿಯಬಲ್ಲದು. ಸ್ಟ್ಯಾಂಡರ್ಡ್‌ಬ್ರೆಡ್‌ಗಳಲ್ಲಿ ಬಹುತೇಕ ಎಲ್ಲವೂ ಈ ಜೋಡಿ ರೂಪವನ್ನು ಹೊಂದಿವೆ, ನಾಗಾಲೋಟದ ಥರೋಬ್ರೆಡ್‌ಗಳಲ್ಲಿ ಅದು ಕಂಡುಬಂದಿಲ್ಲ. ಇದರ ಪ್ರಾಯೋಗಿಕ ಅರ್ಥ ಸ್ಪಷ್ಟ. ಜೋಡಿ ರೂಪ ಇರುವ ಗಂಡು ತನ್ನ ಪ್ರತಿ ಮರಿಗೂ ಒಂದು ಪ್ರತಿಯನ್ನು ಕೊಟ್ಟೇ ಕೊಡುತ್ತದೆ, ಆದರೆ ಎರಡನೆಯ ಪ್ರತಿ ಬರಬೇಕಾದದ್ದು ತಾಯಿಯಿಂದ. ತಾಯಿಯಲ್ಲಿ ಅದು ಇಲ್ಲದಿದ್ದರೆ ಎಷ್ಟು ದೊಡ್ಡ ಗಂಡನ್ನು ತಂದರೂ ಮೊದಲ ತಲೆಮಾರಿನ ಮರಿಯಲ್ಲಿ ಜೋಡಿ ಕೂಡುವುದಿಲ್ಲ.

ಗಂಡನ್ನು ಆರಿಸುವವನ ಕೈಗೆ ಸಿಗುವ ಮೊದಲ ಸಾಧನ ಅದರ ಮರಿಗಳ ಗೆಲುವಿನ ಪಟ್ಟಿ. ಅತಿ ಹೆಚ್ಚು ದಾರಿ ತಪ್ಪಿಸುವ ಸಾಧನವೂ ಅದೇ. ಹೆಸರಾದ ಗಂಡಿಗೆ ಹಾರಿಸುವ ಶುಲ್ಕ ಹೆಚ್ಚು. ಹೆಚ್ಚು ಶುಲ್ಕ ಕೊಡಬಲ್ಲವರು ತಮ್ಮ ಅತ್ಯುತ್ತಮ ಹೆಣ್ಣುಗಳನ್ನೇ ಅಲ್ಲಿಗೆ ಕಳುಹಿಸುತ್ತಾರೆ. ಹುಟ್ಟಿದ ಮರಿಗಳಿಗೆ ಒಳ್ಳೆಯ ಮೇವು, ಒಳ್ಳೆಯ ತರಬೇತುದಾರ, ಒಳ್ಳೆಯ ಸಾರಥಿ ಸಿಗುತ್ತಾರೆ. ಕೊನೆಗೆ ಗೆಲುವೆಲ್ಲ ಗಂಡಿನ ಲೆಕ್ಕಕ್ಕೆ ಜಮೆಯಾಗುತ್ತದೆ. ಈ ಸುಳಿಯಿಂದ ಹೊರಬರಲು ಅಮೆರಿಕದ ಥರೋಬ್ರೆಡ್ ತಳಿಗಾರರು ಎರಡು ಸಂಖ್ಯೆಗಳನ್ನು ಜೊತೆಯಾಗಿಟ್ಟು ನೋಡುತ್ತಾರೆ. ಒಂದು ಸರಾಸರಿ ಗಳಿಕೆ ಸೂಚ್ಯಂಕ, ಅಂದರೆ ಈ ಗಂಡಿನ ಮರಿಗಳ ಗಳಿಕೆ ದೇಶದ ಎಲ್ಲ ಕುದುರೆಗಳ ಸರಾಸರಿಗಿಂತ ಎಷ್ಟು ಪಟ್ಟು ಎಂಬ ಲೆಕ್ಕ. ಇನ್ನೊಂದು ಹೋಲಿಕೆ ಸೂಚ್ಯಂಕ, ಅಂದರೆ ಅದೇ ಹೆಣ್ಣುಗಳು ಬೇರೆ ಗಂಡುಗಳಿಂದ ಹೆತ್ತ ಮರಿಗಳ ಗಳಿಕೆಯ ಲೆಕ್ಕ. ಮೊದಲನೆಯದು ಎರಡನೆಯದಕ್ಕಿಂತ ಹೆಚ್ಚಿದ್ದರೆ ಗಂಡು ತನ್ನ ಕಡೆಯಿಂದ ಏನನ್ನೋ ಸೇರಿಸಿದೆ ಎಂದು ತಿಳಿಯಬಹುದು. ಕಡಿಮೆ ಇದ್ದರೆ ಅದು ಹೆಣ್ಣುಗಳ ಯೋಗ್ಯತೆಯನ್ನು ಕಳೆದಿದೆ, ಪಟ್ಟಿಯಲ್ಲಿ ಎಷ್ಟೇ ಮೇಲಿದ್ದರೂ ಸರಿಯೆ. ಸ್ವೀಡನ್ ಮತ್ತು ಫಿನ್‌ಲೆಂಡ್‌ನ ಟ್ರಾಟರ್ ತಳಿಗಾರರು ಇನ್ನೂ ಮುಂದೆ ಹೋಗಿ, ತಾಯಿ, ತಂದೆ, ಸೋದರ, ಸಂತತಿ ಇವರೆಲ್ಲರ ದಾಖಲೆಯನ್ನು ಒಟ್ಟಿಗೆ ತೂಗಿ ನೋಡುವ ಸಂಖ್ಯಾಶಾಸ್ತ್ರದ ವಿಧಾನವನ್ನು ಬಳಸುತ್ತಾರೆ. ಅದರಲ್ಲಿ ತಳಿಯ ಸರಾಸರಿಯನ್ನು 100 ಎಂದು ಇಟ್ಟುಕೊಂಡು ಪ್ರತಿ ಕುದುರೆಗೂ ಒಂದು ಅಂಕ ಕೊಡಲಾಗುತ್ತದೆ. ಇಂಥ ಲೆಕ್ಕಗಳಲ್ಲಿ ಪದೇಪದೇ ಹೊರಬರುವ ಸಂಗತಿಯೆಂದರೆ, ಓಟದ ಸಾಮರ್ಥ್ಯದ ವ್ಯತ್ಯಾಸದಲ್ಲಿ ವಂಶದಿಂದ ಬರುವ ಪಾಲು ಅರ್ಧಕ್ಕಿಂತಲೂ ಕಡಿಮೆ, ಮಿಕ್ಕದ್ದು ಸಾಕಣೆಯದು ಮತ್ತು ತರಬೇತಿಯದು. ಆ ಕಡಿಮೆ ಪಾಲಿನಲ್ಲೂ ಗಂಡಿಗೆ ಸಲ್ಲುವುದು ಅರ್ಧವೇ.

ದಾಖಲೆಗಳಿಲ್ಲದ ಕಾಲದಲ್ಲಿ ಕುದುರೆಯ ಮೈಯೇ ದಾಖಲೆಯಾಗಿತ್ತು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಕುದುರೆಗಳ ನಾಡು, ಬಣ್ಣ, ಲಕ್ಷಣ, ವಾಹ್ಯಾಳಿಯ ಆಟ ಇವುಗಳ ವಿಸ್ತಾರವಾದ ವಿವರಣೆಯಿದೆ. ಕನ್ನಡದಲ್ಲಿಯೂ ಅಭಿನವಚಂದ್ರನ ಅಶ್ವವೈದ್ಯದಂಥ ಕೃತಿಗಳು ಹುಟ್ಟಿದವು. ಈ ಪರಂಪರೆಯಲ್ಲಿ ಪರೀಕ್ಷೆಯ ಮುಖ್ಯ ಅಂಗ ಸುಳಿ, ಅಂದರೆ ಮೈಯ ಮೇಲೆ ರೋಮ ಸುತ್ತಿಕೊಂಡು ಬೆಳೆದಿರುವ ಜಾಗ. ಯಾವ ಸುಳಿ ಯಾವ ಸ್ಥಾನದಲ್ಲಿದ್ದರೆ ಒಡೆಯನಿಗೆ ಶುಭ, ಯಾವುದು ಕೇಡು ಎಂಬ ನಂಬಿಕೆ ಇಂದಿಗೂ ಕರ್ನಾಟಕದ ದನದ ಜಾತ್ರೆಗಳಲ್ಲಿ ಬೆಲೆಯನ್ನು ಏರಿಸಬಲ್ಲದು, ಇಳಿಸಬಲ್ಲದು. ಸುಳಿಯಿಂದ ಒಡೆಯನ ಭಾಗ್ಯವನ್ನು ಹೇಳಲಾಗದು ಎಂಬುದು ನಿಜ. ಆದರೆ ಹಣೆಯ ಸುಳಿ ಕಣ್ಣಿನ ಮಟ್ಟಕ್ಕಿಂತ ಮೇಲಿರುವ ದನಗಳು ಹೆಚ್ಚು ಬೆದರುತ್ತವೆ ಎಂದು ಆಧುನಿಕ ಅಧ್ಯಯನಗಳು ಗುರುತಿಸಿರುವುದರಿಂದ, ಹಳಬರ ಕಣ್ಣು ಸಂಪೂರ್ಣ ಕುರುಡಾಗಿರಲಿಲ್ಲ ಎಂದು ಒಪ್ಪಬೇಕಾಗುತ್ತದೆ. ಗಾಡಿಯೋಟದ ತಳಿಗಾರರು ನೋಡುವ ಲಕ್ಷಣಗಳು ಇದಕ್ಕಿಂತ ಹೆಚ್ಚು ಕಾಲುಗಳಿಗೆ ಸಂಬಂಧಿಸಿದವು: ಮುಂಗಾಲು ಮೊಣಕಾಲಿನಿಂದ ಗೊರಸಿನವರೆಗೆ ನೇರವಾಗಿದೆಯೇ, ಹಿಂಗಾಲಿನ ಕೀಲು ಅತಿಯಾಗಿ ಬಾಗಿದೆಯೇ, ಓಡುವಾಗ ಹಿಂಗಾಲು ಮುಂಗಾಲಿಗೆ ತಗಲುತ್ತದೆಯೇ, ಗೊರಸು ಗಟ್ಟಿಯೇ. ಹ್ಯಾಂಬಲ್ಟೋನಿಯನ್‌ನ ಹಿಂಭಾಗ ಹೆಗಲಿಗಿಂತ ಎತ್ತರವಾಗಿತ್ತು. ಸವಾರಿಯ ಕುದುರೆಯಲ್ಲಿ ದೋಷವೆನಿಸುವ ಈ ಲಕ್ಷಣ ಗಾಡಿ ಎಳೆದು ಓಡುವ ಕುದುರೆಯ ಹಿಂಗಾಲಿಗೆ ತಳ್ಳುವ ಶಕ್ತಿಯನ್ನು ಕೊಟ್ಟಿತೆಂದು ತಳಿಗಾರರು ನಂಬಿದರು. ಲಕ್ಷಣಗಳ ಪಟ್ಟಿ ಬಳಕೆಗೆ ಬರುವುದು ಹೆಣ್ಣಿನ ಪಕ್ಕದಲ್ಲಿಟ್ಟು ಓದಿದಾಗ ಮಾತ್ರ. ಹೆಣ್ಣಿನ ಮುಂಗಾಲು ಹೊರಕ್ಕೆ ತಿರುಗಿದ್ದರೆ ಅದೇ ದೋಷವಿರುವ ಗಂಡನ್ನು, ಅದು ಎಷ್ಟೇ ವೇಗದ್ದಾದರೂ, ಕೈಬಿಡಬೇಕು. ಒಳಕ್ಕೆ ತಿರುಗಿದ ಕಾಲಿನ ಗಂಡನ್ನು ತಂದರೆ ಎರಡೂ ಸೇರಿ ನೇರವಾಗುತ್ತದೆ ಎಂದು ನೆಚ್ಚುವುದೂ ಅಪಾಯ, ಏಕೆಂದರೆ ಮರಿಗೆ ಯಾವ ಕಡೆಯ ದೋಷ ಇಳಿಯುವುದೆಂದು ಹೇಳಲಾಗದು. ನೇರ ಕಾಲಿನ ಗಂಡೇ ಅದಕ್ಕೆ ಮದ್ದು.

ಹೆಣ್ಣಿನ ಪಾಲು ವಂಶದ ಅರ್ಧಕ್ಕೆ ನಿಲ್ಲುವುದಿಲ್ಲ ಎಂಬುದನ್ನು ಕೇಂಬ್ರಿಜ್‌ನ ಆರ್ಥರ್ ವಾಲ್ಟನ್ ಮತ್ತು ಜಾನ್ ಹ್ಯಾಮಂಡ್ 1938ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಮರೆಯಲಾಗದಂತೆ ತೋರಿಸಿತು. ಅವರು ಆನೆಯಂಥ ಮೈಕಟ್ಟಿನ ಶೈರ್ ಕುದುರೆಗಳನ್ನೂ ಕುಳ್ಳ ಶೆಟ್‌ಲೆಂಡ್ ತಟ್ಟುಗಳನ್ನೂ ಕೃತಕ ಗರ್ಭಧಾರಣೆಯಿಂದ ಎರಡೂ ದಿಕ್ಕಿನಲ್ಲಿ ಕೂಡಿಸಿದರು. ಎರಡೂ ಬಗೆಯ ಮರಿಗಳಲ್ಲಿ ಶೈರ್ ಮತ್ತು ಶೆಟ್‌ಲೆಂಡ್ ರಕ್ತ ಸಮಸಮವಾಗಿಯೇ ಇದ್ದರೂ, ಶೈರ್ ತಾಯಿಯ ಹೊಟ್ಟೆಯಲ್ಲಿ ಬೆಳೆದ ಮರಿ ಹುಟ್ಟುವಾಗ ಶೆಟ್‌ಲೆಂಡ್ ತಾಯಿಯ ಮರಿಗಿಂತ ಸುಮಾರು ಮೂರು ಪಟ್ಟು ತೂಗಿತು. ಗರ್ಭಕೋಶದ ಜಾಗ, ಆಮೇಲೆ ಮೊಲೆಹಾಲು, ಅದರ ಜೊತೆಗೆ ಮೊದಲ ಆರು ತಿಂಗಳು ತಾಯಿಯ ಬೆನ್ನಿಗೆ ಬಿದ್ದು ಕಲಿಯುವ ನಡೆನುಡಿ, ಇವೆಲ್ಲವೂ ತಾಯಿಯ ಕಡೆಯಿಂದಲೇ ಬರುತ್ತವೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಜೀನ್‌ಗಳೂ ತಾಯಿಯಿಂದ ಮಾತ್ರ ಇಳಿಯುತ್ತವೆ. ಬದಾವಿಗಳಿಗೆ ಇದರ ವಿಜ್ಞಾನ ಗೊತ್ತಿರಲಿಲ್ಲ, ಫಲಿತಾಂಶ ಚೆನ್ನಾಗಿ ಗೊತ್ತಿತ್ತು. ತಾಯಿಯ ಸಾಲನ್ನು ಬರೆದಿಡುವುದರಿಂದ ಇನ್ನೊಂದು ಪ್ರಯೋಜನವೂ ಇದೆ: ಒಂದೇ ಗಂಡಿಗೆ ನೂರಾರು ಹೆಣ್ಣುಗಳನ್ನು ಕೂಡಿಸುವ ರೂಢಿಯಿಂದ ಮುಂದಿನ ತಲೆಮಾರಿನಲ್ಲಿ ರಕ್ತಸಂಬಂಧಿಗಳ ಕೂಡಿಕೆ ಹೆಚ್ಚುತ್ತದೆ, ಅಡಗಿದ್ದ ದೋಷಗಳು ಜೋಡಿಯಾಗಿ ಹೊರಬೀಳುತ್ತವೆ. ಕೃತಕ ಗರ್ಭಧಾರಣೆಗೆ ಅವಕಾಶವಿರುವ ಸ್ಟ್ಯಾಂಡರ್ಡ್‌ಬ್ರೆಡ್ ತಳಿಯಲ್ಲಿ ಈ ಅಪಾಯ ದೊಡ್ಡದಾದ್ದರಿಂದಲೇ ಅಮೆರಿಕದ ನೋಂದಣಿ ಸಂಸ್ಥೆ ಒಂದು ಗಂಡಿಗೆ ವರ್ಷಕ್ಕೆ ಇಷ್ಟೇ ಹೆಣ್ಣುಗಳೆಂಬ ಮಿತಿಯನ್ನು ಹಾಕಿತು. ಥರೋಬ್ರೆಡ್‌ಗಳಲ್ಲಿ, ಭಾರತದಲ್ಲಿಯೂ ಕೂಡ, ನೈಸರ್ಗಿಕ ಕೂಡಿಕೆಯಿಂದ ಹುಟ್ಟಿದ ಮರಿಗೆ ಮಾತ್ರ ನೋಂದಣಿ.

ಮತ್ತೆ ಕರಾವಳಿಗೆ ಬರುವುದಾದರೆ, ಹೆಣ್ಣುಗಳ ಕೊರತೆಯೊಂದೇ ಇಲ್ಲಿಯ ವಿಫಲತೆಗೆ ಕಾರಣವಾಗಿರಲಿಲ್ಲ. ಮಾರ್ಕೊ ಪೋಲೊ ದಕ್ಷಿಣದ ತಮಿಳು ಸೀಮೆಯ ಬಗ್ಗೆ ಬರೆಯುತ್ತಾ, ಒಳ್ಳೆಯ ಹೆಣ್ಣಿಗೆ ಒಳ್ಳೆಯ ಗಂಡನ್ನು ಕೂಡಿಸಿದರೂ ಕಾಲು ಸೊಟ್ಟಗಿರುವ, ಸವಾರಿಗೆ ಬಾರದ ಕುಳ್ಳ ಮರಿ ಹುಟ್ಟುತ್ತದೆ ಎನ್ನುತ್ತಾನೆ. ಅಲ್ಲಿ ಕುದುರೆಗೆ ಬೇಯಿಸಿದ ಅಕ್ಕಿಯನ್ನೂ ಮಾಂಸವನ್ನೂ ತಿನ್ನಿಸುತ್ತಿದ್ದರೆಂದೂ ಹೇಳುತ್ತಾನೆ. ಈ ಎರಡು ಮಾತುಗಳನ್ನು ಅವನು ಒಂದಕ್ಕೊಂದು ಜೋಡಿಸಲಿಲ್ಲ, ಇಂದಿನ ಪಶುವೈದ್ಯರು ಜೋಡಿಸಬಲ್ಲರು. ಕುದುರೆಯ ಮೂಳೆ ಗಟ್ಟಿಯಾಗಲು ಆಹಾರದಲ್ಲಿ ಸುಣ್ಣದ ಅಂಶವು ರಂಜಕಕ್ಕಿಂತ ಹೆಚ್ಚಿರಬೇಕು. ಅಕ್ಕಿಯಲ್ಲೂ ಮಾಂಸದಲ್ಲೂ ಇದು ತಲೆಕೆಳಗು, ಅಕ್ಕಿಯ ತೌಡಿನಲ್ಲಿ ರಂಜಕವು ಸುಣ್ಣದ ಹತ್ತು ಪಟ್ಟಿಗೂ ಮೀರಿರುತ್ತದೆ. ಅದನ್ನೇ ತಿಂದು ಬೆಳೆದ ಕುದುರೆಯ ದೇಹ ತನ್ನ ಮೂಳೆಯಿಂದಲೇ ಸುಣ್ಣವನ್ನು ಎಳೆದುಕೊಳ್ಳುತ್ತದೆ, ದವಡೆಯ ಮೂಳೆ ಊದುತ್ತದೆ, ಕಾಲು ಸೊಟ್ಟಗಾಗುತ್ತದೆ, ಕುಂಟು ಬರುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೆ ಹತ್ತಿರದಷ್ಟು ಮಳೆ ಸುರಿಯುತ್ತದೆ, ಆ ಮಳೆ ಮುರಕಲ್ಲಿನ ಮಣ್ಣಿನ ಸುಣ್ಣವನ್ನೆಲ್ಲ ತೊಳೆದು ಕಡಲಿಗೆ ಒಯ್ಯುತ್ತದೆ, ಆದ್ದರಿಂದ ಇಲ್ಲಿಯ ಹುಲ್ಲಿನಿಂದಲೂ ಆ ಕೊರತೆ ತುಂಬುವುದಿಲ್ಲ. ನಾಲ್ಕು ತಿಂಗಳ ಕೆಸರಿನಲ್ಲಿ ಗೊರಸು ಮೆದುವಾಗಿ ಕೊಳೆಯುತ್ತದೆ, ಕಚ್ಚುವ ನೊಣಗಳಿಂದ ಸರ್ರಾ ಎಂಬ ಜ್ವರ ಹರಡುತ್ತದೆ. ತುಳುನಾಡಿನ ಓಟದ ಪ್ರಾಣಿ ಕೆಸರಿನಲ್ಲಿ ಸುಖವಾಗಿರುವ ಕೋಣವಾದದ್ದು ನೆಲದ ಗುಣಕ್ಕೆ ತಕ್ಕುದಾಗಿಯೇ ಇದೆ.

ಬಂದರಿನಲ್ಲಿ ಇಳಿದ ಕುದುರೆ ಘಟ್ಟ ಹತ್ತಿದ ಮೇಲೆಯೇ ತಳಿಯ ಮಾತು ಸಾಧ್ಯವಾಗುತ್ತಿತ್ತು. ಮಂಗಳೂರಿನಿಂದ ಶಿರಾಡಿ ಘಾಟಿ, ಹಾಸನಗಳ ಮೂಲಕ ಬೆಂಗಳೂರಿಗೆ ಹೋಗುವ ಇಂದಿನ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸಿಗುವ ಕುಣಿಗಲ್‌ನಲ್ಲಿ ಮಳೆ ಮಂಗಳೂರಿನ ಕಾಲುಭಾಗವೂ ಇಲ್ಲ. ಹುರುಳಿ ಮತ್ತು ರಾಗಿ ಬೆಳೆಯುವ ಈ ಒಣನೆಲದಲ್ಲಿ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಅಶ್ವದಳಕ್ಕಾಗಿ ಆರಂಭವಾದ ಕುದುರೆ ಫಾರಂ ಬ್ರಿಟಿಷರ ಕಾಲವನ್ನೂ ಮೈಸೂರು ಸಂಸ್ಥಾನದ ಕಾಲವನ್ನೂ ದಾಟಿ ಬಂದು, 1990ರ ದಶಕದಲ್ಲಿ ಖಾಸಗಿ ಗುತ್ತಿಗೆಗೆ ಹೋಗಿ, ಥರೋಬ್ರೆಡ್ ತಳಿಯ ಕೇಂದ್ರವಾಗಿ ಹೆಸರು ಮಾಡಿತು. ಮಂಗಳೂರಿನ ಅಕ್ಕಿ, ಮೆಣಸು, ಗಂಧಗಳನ್ನು ಮಸ್ಕತ್ತಿನ ತನ್ನ ಮಳಿಗೆಗೆ ಕಳುಹಿಸುತ್ತಿದ್ದ ಅದೇ ಟಿಪ್ಪು ಕುದುರೆಗಳನ್ನು ಸಾಕಲು ಆರಿಸಿಕೊಂಡದ್ದು ಘಟ್ಟದ ಮೇಲಿನ ನೆಲವನ್ನು. ಕುಣಿಗಲ್‌ನ ಯಶಸ್ಸಿಗೆ ಅಲ್ಲಿ ನಿಂತ ಗಂಡುಗಳನ್ನು ಕಾರಣವಾಗಿ ಎಣಿಸುವುದು ರೂಢಿ. ನೆಲವನ್ನೂ, ತಲೆಮಾರುಗಳ ಕಾಲ ಒಂದೇ ಕಡೆ ಉಳಿದು ಹೆತ್ತ ಹೆಣ್ಣುಗಳ ಹಿಂಡನ್ನೂ ಮೊದಲು ಹೆಸರಿಸುವುದು ನ್ಯಾಯ.

ಇನ್ನೂ ಉತ್ತರಕ್ಕೆ, ಭೀಮಾ ನದಿಯ ಬಯಲಿನಲ್ಲಿ, ಅರಬ್ಬೀ ಮತ್ತು ತುರ್ಕಿ ಗಂಡುಗಳು ದಖನ್ನಿನ ತಟ್ಟು ಹೆಣ್ಣುಗಳೊಡನೆ ಕೂಡಿ ಮರಾಠರ ಕಾಲದಲ್ಲಿ ಭೀಮಥಡಿ ಎಂಬ ತಳಿ ರೂಪುಗೊಂಡಿತು. ಗಟ್ಟಿ ಗೊರಸಿನ, ಕಡಿಮೆ ಮೇವಿನಲ್ಲಿ ಬದುಕುವ ಈ ಕುದುರೆಯನ್ನು ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಕೇಂದ್ರ ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ಕಡಲ ದಡದಲ್ಲಿ ಆಗದ ಕೆಲಸ ಇಲ್ಲಿ ಆಗಲು ಬೇಕಾದ ಎರಡೂ ಇದ್ದವು: ನೆಲಕ್ಕೆ ಒಗ್ಗಿದ ಹೆಣ್ಣು, ಮೂಳೆ ಬೆಳೆಸುವ ನೆಲ. ಗಾಡಿಯೋಟಕ್ಕೆ ಗಂಡನ್ನು ಆರಿಸುವ ಪ್ರಶ್ನೆ ಕನ್ನಡ ನಾಡಿನಲ್ಲಿ ನಿಜವಾಗಿ ಜೀವಂತವಾಗಿರುವುದೂ ಇದೇ ಸೀಮೆಯಲ್ಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜಾತ್ರೆಯ ಹೊತ್ತಿಗೆ ಕುದುರೆ ಗಾಡಿಯ ಶರ್ಯತ್ತುಗಳು ನಡೆಯುತ್ತವೆ, ಟಾಂಗಾದ ಹಳೆಯ ಬಳಕೆ ಅಲ್ಲಿ ಪಂದ್ಯವಾಗಿ ಉಳಿದಿದೆ. ಗೆದ್ದ ಗಂಡಿನ ಹೆಸರು ಊರೂರಿಗೆ ಹರಡುತ್ತದೆ, ಅದನ್ನು ತಮ್ಮ ಹೆಣ್ಣಿಗೆ ಕೂಡಿಸಲು ಜನ ಹಣ ಕೊಟ್ಟು ಸಾಲುಗಟ್ಟುವುದು ಸಹಜ. ಆದರೆ ಗೆದ್ದ ಕುದುರೆಯ ತಾಯಿ ಯಾವುದು, ಅವಳು ಬೇರೆ ಗಂಡುಗಳಿಂದ ಹೆತ್ತ ಮರಿಗಳು ಹೇಗೆ ಓಡಿದವು, ಗಟ್ಟಿ ರಸ್ತೆಯ ಮೇಲೆ ಓಡಿ ಎಷ್ಟು ಕುದುರೆಗಳ ಕಾಲು ಎಷ್ಟನೆಯ ವಯಸ್ಸಿಗೆ ಕೆಟ್ಟಿತು ಎಂಬುದನ್ನು ಕುಣಿಗಲ್‌ನ ವಂಶಾವಳಿ ಪುಸ್ತಕದಂಥ ಕಟ್ಟುನಿಟ್ಟಿನಲ್ಲಿ ಬರೆದಿಟ್ಟರೆ ಮಾತ್ರ ಆ ಹಣಕ್ಕೆ ತಕ್ಕ ಮರಿ ಸಿಗುವ ಸಂಭವ ಹೆಚ್ಚುತ್ತದೆ. ಇದಕ್ಕೆ ಪ್ರಯೋಗಾಲಯ ಬೇಡ. ಪ್ರತಿ ಹೆಣ್ಣಿಗೂ ಒಂದು ಪುಟ, ಅದರಲ್ಲಿ ಅವಳ ತಾಯಿ, ಬೆದೆಗೆ ಬಂದ ದಿನ, ಕೂಡಿಸಿದ ಗಂಡು, ಹುಟ್ಟಿದ ಮರಿಯ ಕಾಲಿನ ಸ್ಥಿತಿ, ಅದರ ಓಟದ ಬಗೆ, ಕುಂಟು ಬಂದ ವಯಸ್ಸು ಇಷ್ಟು ಇದ್ದರೆ ಸಾಕು. ಹೆಣ್ಣು ತಳಿಗೆ ಬರಲು ಮೂರು ನಾಲ್ಕು ವರ್ಷ, ಎರಡು ಬೇರೆ ಗಂಡುಗಳಿಂದ ಅವಳ ಮರಿಗಳು ಬೆಳೆದು ಓಡಲು ಇನ್ನೂ ಐದಾರು ವರ್ಷ ಬೇಕಾಗುವುದರಿಂದ, ಈ ವರ್ಷ ಬರೆಯಲು ಆರಂಭಿಸಿದ ಪುಟದಿಂದ ಮೊದಲ ನಂಬಲರ್ಹ ಹೋಲಿಕೆ ಸಿಗಲು ಸುಮಾರು ಹತ್ತು ವರ್ಷ ಹಿಡಿಯುತ್ತದೆ.